ಗುಂಡಿಗೆ ಮೊಸಳೆ, ಗಣಿಗೆ ಏನು?

1

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರಲ್ಲಿ ಮೊಸಳೆ ಕಾಣಿಸಿಕೊಂಡಿತು. ಕಲಾವಿದ ಬಾದಲ್ ನಂಜುಂಡಸ್ವಾಮಿ ಆ ಹೊಂಡಕ್ಕೆ ಹಸಿರು ಬಣ್ಣ ಬಳಿದು, ಫೈಬರಿನ ಮೊಸಳೆಯೊಂದನ್ನು ತಂದು ಮಲಗಿಸಿದ್ದರು. ಜನ ನಿಂತರು, ನಕ್ಕರು, ಫೋಟೋ ತೆಗೆದರು, ಪತ್ರಿಕೆಗಳು ಬರೆದವು. ಅಲ್ಲಿಯವರೆಗೆ ಆ ಕಡೆ ತಲೆ ಹಾಕದಿದ್ದವರು ಓಡಿ ಬಂದು ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಮಾತು ದೇಶದ ಬಾಯಲ್ಲೆಲ್ಲ ಆಡುತ್ತಿದ್ದಾಗ, ಅದೇ ಕಲಾವಿದರು ಹೇರೋಹಳ್ಳಿ ಕಡೆಯ ರಸ್ತೆಯೊಂದರಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟನನ್ನು ನಡೆಸಿದರು. ರಾತ್ರಿಯ ಬೆಳಕಿನಲ್ಲಿ ಅದು ಚಂದ್ರನ ನೆಲವೇ. ಪಕ್ಕದಲ್ಲಿ ಆಟೋ ಹಾದುಹೋದ ಮೇಲೆ ನಮ್ಮ ಬೆಂಗಳೂರಿನ ರಸ್ತೆ. ಆ ರಸ್ತೆಗೂ ರಿಪೇರಿಯ ಭಾಗ್ಯ ಬಂತು.

ಈ ಕೆಲಸಗಳನ್ನು ನಾನು ಮೆಚ್ಚುತ್ತೇನೆ. ಗ್ಯಾಲರಿಯ ತಂಪಿನಲ್ಲಿ ಕೂತಿದ್ದ ಕಲೆಯನ್ನು ಕೈಹಿಡಿದು ಬೀದಿಗೆ ಎಳೆದು ತಂದ ಕೆಲಸ ಇದು. ಇಲ್ಲಿ ನೋಡುವವನು ಬರಿ ನೋಡುವವನಲ್ಲ. ಅವನು ದಾಟಬೇಕು, ಬಳಸಿಕೊಂಡು ಹೋಗಬೇಕು, ಕೊನೆಗೆ 'ಇದು ನಮ್ಮ ರಸ್ತೆ ಅಲ್ಲವಾ' ಅಂತ ಕೇಳಬೇಕು. ಇದಕ್ಕೆ ಇಂಟರಾಕ್ಟಿವ್ ಕಲೆ ಎನ್ನುತ್ತಾರೆ, ಸಾರ್ವಜನಿಕ ಕಲೆ ಎನ್ನುತ್ತಾರೆ. ಜನ ಕೈ ಹಾಕದೆ ಪೂರ್ತಿಯಾಗದ ಕಲೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಆದರೆ ನಾನು ಬಂಗಾರಪೇಟೆ ಕಡೆಯವನು. ನನ್ನ ಕಣ್ಣಿನ ಮುಂದೆ ಇನ್ನೊಂದು ಗುಂಡಿ ಇದೆ. 2011ರಲ್ಲಿ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಬಿ. ಬಸವಲಿಂಗಪ್ಪನವರು ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ, 1970ರ ದಶಕದ ಆರಂಭದಲ್ಲಿಯೇ, ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯ ನಿಷೇಧಿಸಿತ್ತು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿತ್ತು. ಅಂದರೆ ಆ ಮೂವರು ಸತ್ತದ್ದು ಕಾನೂನಿನ ಪ್ರಕಾರ ಇಲ್ಲವೇ ಇಲ್ಲದ ಒಂದು ಕೆಲಸದಲ್ಲಿ. ಅವರ ನಂತರವೂ ಈ ರಾಜ್ಯದಲ್ಲಿ ಅಂಥ ಸಾವುಗಳು ನಿಲ್ಲಲಿಲ್ಲ.

ಹಾಗಾದರೆ ನನ್ನ ಪ್ರಶ್ನೆ ಸರಳ. ಫೈಬರಿನ ಮೊಸಳೆ ಬಿದ್ದ ಗುಂಡಿ ಬೇಗ ಮುಚ್ಚಿತು. ರಕ್ತಮಾಂಸದ ಮನುಷ್ಯರು ಬಿದ್ದ ಗುಂಡಿ ಯಾಕೆ ಮುಚ್ಚುವುದಿಲ್ಲ? ಇದು ಕಲಾವಿದರನ್ನು ಹಂಗಿಸುವ ಪ್ರಶ್ನೆಯಲ್ಲ. ಸಾರ್ವಜನಿಕ ಕಲೆ ಯಾವುದರ ಬಲದ ಮೇಲೆ ನಿಂತಿದೆ, ಆ ಬಲ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂದು ತಿಳಿಯುವ ಪ್ರಶ್ನೆ. ದಲಿತ ವಿಮರ್ಶೆ ಈ ಪ್ರಶ್ನೆ ಕೇಳದಿದ್ದರೆ ಮತ್ಯಾರು ಕೇಳಬೇಕು?

2

ಮೊಸಳೆ ಕೆಲಸ ಮಾಡಿದ್ದು ನಾಚಿಕೆಯ ಮೂಲಕ. ರಸ್ತೆಯಲ್ಲಿ ಓಡಾಡುವವರು ತೆರಿಗೆ ಕಟ್ಟುವವರು, ಮತ ಹಾಕುವವರು, ಪತ್ರಿಕೆ ಓದುವವರು. ಅವರು ನಕ್ಕರೆ ಕಚೇರಿಗೆ ಮುಖಭಂಗ. ಅಂದರೆ ಈ ಕಲೆ ಹುಟ್ಟುವ ಮೊದಲೇ ಒಬ್ಬ 'ನಾಗರಿಕ' ಅಲ್ಲಿ ತಯಾರಾಗಿ ನಿಂತಿರಬೇಕು. ಬೀದಿ ತನ್ನದು ಎಂದು ಅವನಿಗೆ ಅನುಮಾನವಿರಬಾರದು. ಕಲಾವಿದ ಅವನಿಗೆ ನೆನಪು ಮಾಡಿಕೊಟ್ಟರೆ ಸಾಕು.

ನಮ್ಮ ಸಮಸ್ಯೆ ಇಲ್ಲಿಂದಲೇ ಶುರು. ಕನ್ನಡದಲ್ಲಿ ಬೀದಿ ಅನ್ನುವ ಮಾತು ಇದೆ, ಕೇರಿ ಅನ್ನುವ ಮಾತೂ ಇದೆ. ಎರಡೂ ಜನ ನಡೆಯುವ ಜಾಗವೇ. ಆದರೆ ತೇರು ಬರುವುದು ಬೀದಿಗೆ. ಕೇರಿಗೆ ಬರುವುದು ಬಿಟ್ಟಿ ಕರೆಯಲು ಬಂದವನ ಕೂಗು. ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ತಲೆಮಾರು ನಮ್ಮ ತಾತಂದಿರದು. ಹಾಗಿರುವಾಗ 'ನಿಮ್ಮ ನಗರ, ನಿಮ್ಮ ಗೋಡೆ, ಬನ್ನಿ ಬಣ್ಣ ಬಳಿಯಿರಿ' ಎಂಬ ಕರೆಗೆ ಕೇರಿಯ ಕಿವಿಯಲ್ಲಿ ಕೇಳುವ ಅರ್ಥವೇ ಬೇರೆ. ಅದು ಆಹ್ವಾನವೂ ಆಗಬಹುದು, ಹೊಸ ಬಿಟ್ಟಿಯೂ ಆಗಬಹುದು.

ಜನ ಮೈಯೊಡ್ಡಿ ಪೂರ್ತಿ ಮಾಡುವ ಸಾರ್ವಜನಿಕ ಕ್ರಿಯೆಗೆ ನಮ್ಮ ಪರಂಪರೆಯಲ್ಲಿ ದೊಡ್ಡ ಉದಾಹರಣೆ ಮಹಾಡ್. 1923ರಲ್ಲಿ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ನಿರ್ಣಯ ಮಾಡಿತು. ಮಹಾಡ್ ಪುರಸಭೆ ಮರುವರ್ಷ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಬರೆದುಕೊಂಡಿತು. ಕಾಗದದ ಮೇಲೆ ಕೆರೆ ಸಾರ್ವಜನಿಕವಾಯಿತು. ಆದರೆ ಅಸ್ಪೃಶ್ಯರು ಯಾರೂ ಆ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಡೆದುಹೋಗಿ ಬೊಗಸೆಯಲ್ಲಿ ನೀರು ಎತ್ತಿದರು, ಹಿಂದಿನಿಂದ ಸಾವಿರಾರು ಜನ ಎತ್ತಿದರು. ಆಮೇಲೆ ಏಟೂ ಬಿತ್ತು, ಕೆರೆಯನ್ನು 'ಶುದ್ಧಿ'ಯೂ ಮಾಡಿದರು. ನನಗೆ ಇದರಿಂದ ತಿಳಿಯುವುದು ಇಷ್ಟು: ಸಾರ್ವಜನಿಕ ಸ್ಥಳ ಎಂಬುದು ಮೊದಲೇ ಇರುವ ವಸ್ತುವಲ್ಲ. ಯಾರನ್ನು ಹೊರಗಿಟ್ಟಿದ್ದಾರೋ ಅವರ ಮೈ ಅಲ್ಲಿಗೆ ಹೋದ ದಿನ ಅದು ಸಾರ್ವಜನಿಕವಾಗುತ್ತದೆ. ಅಲ್ಲಿಯವರೆಗೆ ಅದು ಬರಿ ಮೇಲ್ಜಾತಿಗಳ ಹಿತ್ತಲು. ಇಂಟರಾಕ್ಟಿವ್ ಕಲೆಯ ಸಿದ್ಧಾಂತ ಇಲ್ಲಿಂದ ಪಾಠ ಕಲಿಯಬೇಕು. ಕಲೆಗೆ ಜನ ಕೊಡುವ ಪ್ರತಿಕ್ರಿಯೆ ನಗುವಷ್ಟೇ ಅಲ್ಲ, ದೊಣ್ಣೆಯೂ ಪ್ರತಿಕ್ರಿಯೆಯೇ.

3

ಈಗ ಕೆಜಿಎಫ್‌ಗೆ ಬರೋಣ. ಸ್ಥಳವನ್ನು ಜಾತಿ ಮತ್ತು ಬಂಡವಾಳ ಎರಡೂ ಕೂಡಿ ಹೇಗೆ ಕತ್ತರಿಸುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಸಿಗದು. 1880ರಿಂದಾಚೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿ ತೋಡಿತು. ಉತ್ತರ ಆರ್ಕಾಟು ಕಡೆಯಿಂದ ಬಂದ ತಮಿಳು ಮಾತಿನ ಹೊಲೆಯರು, ಕಂಪನಿಯ ಲೆಕ್ಕದಲ್ಲಿ 'ಆದಿದ್ರಾವಿಡರು', ನೆಲದ ಒಳಗೆ ಇಳಿದರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ. ಆದರೆ ಆ ಕರೆಂಟು ಯಂತ್ರ ತಿರುಗಿಸಲು ಬಂತು, ಬಂಗಲೆ ಬೆಳಗಲು ಬಂತು. ಬಿದಿರು ತಟ್ಟಿಯ ಗೋಡೆಯ ಮನೆಗಳಲ್ಲಿ ಕತ್ತಲೆ ಹಾಗೇ ಇತ್ತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ. ಲೈನುಗಳು ಇನ್ನೊಂದು ಕಡೆ. ಊರು-ಕೇರಿಯನ್ನು ಇಂಗ್ಲಿಷರು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ, ಇಲ್ಲಿ ಸಿದ್ಧವಾಗಿಯೇ ಇತ್ತು.

ಹೆಸರುಗಳನ್ನೂ ನೋಡಿ. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್. ನಮ್ಮ ಬಂಗಾರಪೇಟೆಯೇ ಬೌರಿಂಗ್‌ಪೇಟೆ ಆಗಿತ್ತು, ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನಲ್ಲಿ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಹೋಯಿತು, ಸುಮಾರು 800 ಟನ್ ಚಿನ್ನ ಹೊರಬಂತು. ಶಾಫ್ಟುಗಳಿಗೂ ಸಾಹೇಬರ ಹೆಸರೇ. ಅಗೆದವರ ಹೆಸರಿನ ಒಂದು ಪೇಟೆ ಇಲ್ಲ. ಊರಿನ ನಕ್ಷೆಯೂ ಒಂದು ಸಾರ್ವಜನಿಕ ಕಲಾಕೃತಿ ಎಂದು ನಾನು ತಿಳಿದಿದ್ದೇನೆ. ಅದರಲ್ಲಿ ಸಹಿ ಯಾರದು ಎಂದು ನೋಡಿದರೆ ಊರು ಯಾರದು ಎಂದು ತಿಳಿಯುತ್ತದೆ.

ಇಲ್ಲಿ ಒಂದು ಘಟನೆ ಹೇಳಲೇಬೇಕು. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಲು ಹೊರಟಿತು. ಕಾರ್ಮಿಕರು ಕೊಡಲಿಲ್ಲ. ಸಾವಿರಾರು ಜನ ಮೂರು ವಾರ ಕೆಲಸ ನಿಲ್ಲಿಸಿದರು. ಹೇಳಿಕೊಳ್ಳುವಂಥ ಸಂಘವಿಲ್ಲ, ದೊಡ್ಡ ನಾಯಕರಿಲ್ಲ. ನಮ್ಮ ಮೈಯ ಗುರುತು ನಿಮ್ಮ ಪುಸ್ತಕದಲ್ಲಿ ಕೂರುವುದು ಬೇಡ ಅನ್ನುವುದು ಅವರ ಮಾತು. ಕಳ್ಳರ ಪಟ್ಟಿಗೆ ಹಾಕುವ ಹಾಗೆ ನಮ್ಮ ಹೆಬ್ಬೆಟ್ಟು ಯಾಕೆ ಎಂಬ ಸ್ವಾಭಿಮಾನದ ಪ್ರಶ್ನೆ ಅದು. ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರ ಬಗ್ಗೆ 1998ರಲ್ಲಿ ಪ್ರಕಟಿಸಿದ ಗ್ರಂಥ ಈ ಲೋಕವನ್ನು ವಿವರವಾಗಿ ಕಟ್ಟಿಕೊಟ್ಟಿದೆ.

ಈಗ ಇದರ ಪಕ್ಕದಲ್ಲಿ ಇವತ್ತಿನ ಒಂದು ದೃಶ್ಯ ಇಟ್ಟು ನೋಡಿ. ನಗರದಲ್ಲಿ ಎಲ್ಲಿ 'ಸಮುದಾಯ ಕಲೆ' ನಡೆದರೂ ಒಂದು ಗೋಡೆಯ ಮೇಲೆ ಜನರ ಅಂಗೈಯನ್ನು ಬಣ್ಣದಲ್ಲಿ ಅದ್ದಿ ಒತ್ತಿಸುತ್ತಾರೆ. ಮಕ್ಕಳು ಖುಷಿಪಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ. ತಪ್ಪೇನಿಲ್ಲ. ಆದರೆ ಕೈ ಒತ್ತುವುದೇ ಪಾಲ್ಗೊಳ್ಳುವಿಕೆ ಎಂದು ತಿಳಿದರೆ 1930ರ ಕೆಜಿಎಫ್ ಅರ್ಥವಾಗುವುದಿಲ್ಲ. ಅಲ್ಲಿ ಕೈ ಒತ್ತದೆ ಇರುವುದೇ ಪಾಲ್ಗೊಳ್ಳುವಿಕೆ. ಒಲ್ಲೆ ಎನ್ನುವ ಹಕ್ಕಿಲ್ಲದ ಕಡೆ ಹೂಂ ಎನ್ನುವುದಕ್ಕೆ ಬೆಲೆಯಿಲ್ಲ. ಸಾರ್ವಜನಿಕ ಕಲೆಯ ಯಾವ ಯೋಜನೆ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಈ ಲೈನಿನ ಜನ ಬೇಡ ಅಂದರೆ ನೀವು ಬಣ್ಣದ ಡಬ್ಬ ಎತ್ತಿಕೊಂಡು ಹೋಗುತ್ತೀರಾ?

4

ಕೆಜಿಎಫ್‌ನ ಜನಕ್ಕೆ ಸಾರ್ವಜನಿಕ ಕಲೆಯನ್ನು ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ಕನ್ನಡದ ದಲಿತ ವಿಮರ್ಶೆ ಇದನ್ನು ಗಮನಿಸಿಲ್ಲ ಎಂಬುದು ನನ್ನ ತಕರಾರು. ನಾವು ನಮ್ಮ ಕಥೆಯನ್ನು 1973ರ ಬೂಸಾ ಪ್ರಕರಣದಿಂದ ಶುರು ಮಾಡುತ್ತೇವೆ, ಸಂಘರ್ಷ ಸಮಿತಿಗೆ ಬರುತ್ತೇವೆ, ಹಾಡು-ಜಾಥಾಗಳಿಗೆ ಬರುತ್ತೇವೆ. ಅದು ನಿಜವೂ ಹೌದು, ದೊಡ್ಡದೂ ಹೌದು. ಆದರೆ ಅದಕ್ಕಿಂತ ಅರವತ್ತು ವರ್ಷ ಮೊದಲೇ, 20ನೇ ಶತಮಾನದ ಆರಂಭದ ದಶಕಗಳಲ್ಲಿ, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ಗಳಲ್ಲಿ ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳು ಇದ್ದವು. ಅಯೋತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆಯನ್ನು 1920ರ ದಶಕದಲ್ಲಿ ಜಿ. ಅಪ್ಪಾದುರೈ ಇದೇ ಕೆಜಿಎಫ್‌ನಿಂದ ಮತ್ತೆ ಹೊರಡಿಸಿದರು. ಗಣಿಯ ಒಳಗೆ ಪಾಳಿ ಮುಗಿಸಿ ಬಂದವರು ಬುದ್ಧನ ಚಿತ್ರದ ಮುಂದೆ ಕೂತು ಪತ್ರಿಕೆ ಓದಿಸಿ ಕೇಳುತ್ತಿದ್ದ ಊರು ಇದು. 1954ರಲ್ಲಿ ಬಾಬಾಸಾಹೇಬರೇ ಕೆಜಿಎಫ್‌ಗೆ ಬಂದರು.

ಇದೆಲ್ಲ ತಮಿಳಿನಲ್ಲಿ ನಡೆಯಿತು. ಅದಕ್ಕೇ ಕನ್ನಡ ವಿಮರ್ಶೆಯ ಕಣ್ಣಿಗೆ ಬೀಳಲಿಲ್ಲ. ತಮಿಳು ವಿಮರ್ಶೆಗೂ ಅದು ಗಡಿಯಾಚೆಯ ಊರು. ಹೀಗೆ ಎರಡು ಭಾಷೆಗಳ ನಡುವೆ ಒಂದು ದಲಿತ ಊರು ಬಿದ್ದುಹೋಗಿದೆ. ನಮ್ಮ ಕಡೆ ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು. ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲ ಒಂದೇ ನಾಲಗೆಯಲ್ಲಿ ಇರುತ್ತವೆ. ಭಾಷೆಯ ಬೇಲಿ ಹಾಕಿಕೊಂಡ ದಲಿತ ವಿಮರ್ಶೆ ಕೋಲಾರದ ನೆಲದಲ್ಲಿ ಒಂದು ಹೆಜ್ಜೆ ನಡೆಯಲಾರದು.

ಅಂಬೇಡ್ಕರ್ ಪ್ರತಿಮೆಯನ್ನು ನಾನು ಈ ದೇಶದ ಅತಿ ದೊಡ್ಡ ಇಂಟರಾಕ್ಟಿವ್ ಸಾರ್ವಜನಿಕ ಕಲೆ ಎಂದು ಕರೆಯುತ್ತೇನೆ. ಕಲಾವಿಮರ್ಶಕರು ಅದರ ಕಡೆ ತಿರುಗಿ ನೋಡುವುದಿಲ್ಲ. ಸಿಮೆಂಟಿನದು, ಅನುಪಾತವಿಲ್ಲ, ಮುಖ ಹೋಲುವುದಿಲ್ಲ, ನೀಲಿ ಬಣ್ಣ ಕಣ್ಣು ಕುಕ್ಕುತ್ತದೆ ಎನ್ನುತ್ತಾರೆ. ಇರಬಹುದು ಸ್ವಾಮಿ. ಆದರೆ ಅದು ಮಾಡುವ ಕೆಲಸ ನೋಡಿ. ಕೇರಿಯ ಜನ ಮನೆಮನೆಗೆ ಹೋಗಿ ಚಂದಾ ಎತ್ತುತ್ತಾರೆ. ಜಾಗಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಾಕುತ್ತಾರೆ. ಪ್ರತಿಮೆ ಕೇರಿಯೊಳಗೆ ಅಲ್ಲ, ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲಬೇಕು ಎನ್ನುತ್ತಾರೆ. ಯಾಕೆ? ಮೇಲೆತ್ತಿದ ಆ ಬೆರಳು ಊರಿನ ನಡುವೆ ಇರಬೇಕು ಎಂದು. ನಿಂತ ಮೇಲೆ ಆ ವೃತ್ತದ ಹೆಸರು ಬದಲಾಗುತ್ತದೆ. ಬಸ್ಸಿನ ಕಂಡಕ್ಟರು 'ಅಂಬೇಡ್ಕರ್ ಸರ್ಕಲ್' ಎಂದು ಕೂಗಲೇಬೇಕಾಗುತ್ತದೆ. ಹೆಸರು ಹೇಳಲು ಮನಸ್ಸಿಲ್ಲದವನ ನಾಲಗೆಯಲ್ಲೂ ದಿನಕ್ಕೆ ಹತ್ತು ಸಲ ಆ ಹೆಸರು ಆಡಿಸುವ ಕಲೆ ಇದು. ಇದಕ್ಕಿಂತ ದೊಡ್ಡ ಪರಿಣಾಮ ಯಾವ ಗ್ಯಾಲರಿಯ ಶಿಲ್ಪ ಮಾಡಿದೆ?

ಈ ಪ್ರತಿಮೆಯೊಂದಿಗೆ ಎಲ್ಲರೂ ಸಂವಾದ ಮಾಡುತ್ತಾರೆ, ಅವರವರ ರೀತಿಯಲ್ಲಿ. ಒಬ್ಬ ಏಣಿ ಹಾಕಿ ಹಾರ ಹಾಕುತ್ತಾನೆ. ಮತ್ತೊಬ್ಬ ರಾತ್ರಿ ಕಲ್ಲು ಹೊಡೆಯುತ್ತಾನೆ. ತಮಿಳುನಾಡಿನ ಅನೇಕ ಊರುಗಳಲ್ಲಿ ಬಾಬಾಸಾಹೇಬರು ಕಬ್ಬಿಣದ ಪಂಜರದೊಳಗೆ ನಿಂತಿದ್ದಾರೆ. ಆ ಪಂಜರವನ್ನೂ ಕಲಾಕೃತಿಯ ಭಾಗವಾಗಿಯೇ ಓದಬೇಕು ಅಂತ ನನ್ನ ವಾದ. ಅದು ಊರಿನ ಮನಸ್ಸಿನ ಎಕ್ಸ್‌ರೇ. ನಾವು ನಗರಕ್ಕೆ ಬಂದಿದ್ದೇವೆ, ಪ್ರಜಾಪ್ರಭುತ್ವಕ್ಕೆ ಬಂದಿದ್ದೇವೆ ಎಂದುಕೊಳ್ಳುವ ಸಮಾಜ ಎಲ್ಲಿದೆ ಎಂದು ಆ ಸರಳುಗಳು ತೋರಿಸುತ್ತವೆ.

ನಮ್ಮದನ್ನು ಹೊಗಳಿ ಕೂತರೆ ಅದು ವಿಮರ್ಶೆಯಲ್ಲ, ಭಜನೆ. ಏಪ್ರಿಲ್ 14ರಂದು ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ನಮ್ಮ ಯಾವುದೇ ಊರಿನ ವೃತ್ತಕ್ಕೆ ಹೋಗಿ ನೋಡಿ. ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಮುಖ ಮೂಲೆಯಲ್ಲಿ ಸ್ಟಾಂಪಿನಷ್ಟು. ಶುಭ ಕೋರುವವರ ಮುಖ ಕುಂಬಳಕಾಯಿಯಷ್ಟು. ತಮಟೆಯ ಬದಲು ಡಿಜೆ. ಮೆರವಣಿಗೆಯಲ್ಲಿ ಕುಣಿಯುವ ಗಂಡಸರ ಪಕ್ಕದಲ್ಲಿ ಹೆಂಗಸರು ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಿರುತ್ತಾರೆ. ವೃತ್ತ ನಮ್ಮದಾಯಿತು, ನಿಜ. ವೃತ್ತದೊಳಗೆ ನಮ್ಮ ಹೆಣ್ಣುಮಕ್ಕಳಿಗೆ ಜಾಗ ಎಷ್ಟಾಯಿತು? ಸ್ಥಳ ಗೆದ್ದವರು ಆ ಸ್ಥಳವನ್ನು ಯಾರಿಗೆ ಬಿಟ್ಟುಕೊಟ್ಟರು ಎಂಬ ಪ್ರಶ್ನೆ ನಮ್ಮನ್ನೂ ಕೇಳಬೇಕಾದದ್ದೇ.

5

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ನೂರು ವರ್ಷ ಒಂದರ ಮೇಲೊಂದು ಸುರಿದು ಆದ ಬೆಟ್ಟಗಳು ಇವು. ಗಾಳಿ ಎದ್ದಾಗ ಪುಡಿ ಲೈನುಗಳೊಳಗೆ ಬರುತ್ತದೆ. ಅನ್ನದ ತಟ್ಟೆಗೆ, ಒಣಗಲು ಹಾಕಿದ ಬಟ್ಟೆಗೆ, ಎದೆಗೂಡಿಗೆ. ಒಳಗೆ ಇಳಿದವರಿಗೆ ಸಿಲಿಕೋಸಿಸ್ ಕೊಟ್ಟ ಗಣಿ, ಮುಚ್ಚಿದ ಮೇಲೆ ಹೊರಗಿದ್ದವರಿಗೂ ಧೂಳು ಕೊಟ್ಟಿತು.

ಈ ದಿಬ್ಬಗಳನ್ನು ನಾಡು ನೋಡಿದ್ದು ಯಾವಾಗ? ಪ್ರಶಾಂತ್ ನೀಲ್ ಅವರ 'ಕೆಜಿಎಫ್' ಸಿನಿಮಾ 2018ರಲ್ಲಿ, ಅದರ ಎರಡನೇ ಭಾಗ 2022ರಲ್ಲಿ ಬಂದಾಗ. ಇಲ್ಲೇ ಸೆಟ್ ಹಾಕಿ ಚಿತ್ರೀಕರಿಸಿದರು. ತೆರೆಯ ಮೇಲೆ ಜೀತದಾಳುಗಳ ದೊಡ್ಡ ಸಮೂಹವಿದೆ, ಅವರಿಗೆ ಜಾತಿ ಇಲ್ಲ. ಸಂಘ ಇಲ್ಲ, ಪತ್ರಿಕೆ ಇಲ್ಲ, ಬುದ್ಧ ಇಲ್ಲ, 1930 ಇಲ್ಲ. ಅವರು ಹೊರಗಿನಿಂದ ಬರುವ ಒಬ್ಬ ವೀರನಿಗೆ ಕಾಯುತ್ತಾರೆ. ಪಾ. ರಂಜಿತ್ 2024ರಲ್ಲಿ ಮಾಡಿದ 'ತಂಗಲಾನ್' ಈ ಲೋಪಕ್ಕೆ ಉತ್ತರ ಕೊಡಲು ಹೊರಟ ಸಿನಿಮಾ. ಅದರಲ್ಲಿ ಚಿನ್ನದ ಜಾಡು ಹಿಡಿದು ಬರುವವರಿಗೆ ಜಾತಿಯೂ ಇದೆ, ಪುರಾಣವೂ ಇದೆ, ಬುದ್ಧನ ನೆನಪೂ ಇದೆ. ಎರಡನ್ನೂ ಎದುರುಬದುರು ಇಟ್ಟು ನೋಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಮಾಡಬೇಕು. ನನ್ನ ಕಾಳಜಿ ಸಿನಿಮಾದ ಆಚೆಗೆ. ಸಿನಿಮಾ ಬಂದ ಮೇಲೆ ದಿಬ್ಬ ಹತ್ತಿ ಸೆಲ್ಫಿ ತೆಗೆದುಕೊಳ್ಳುವವರು ಹೆಚ್ಚಾದರು. ಇದೂ ನಗರದ ಸ್ಥಳದೊಂದಿಗೆ ಜನರ ಸಂಬಂಧವೇ, ಇಂಟರಾಕ್ಟಿವ್ವೇ. ಆದರೆ ಹತ್ತಿದವನು ಇಳಿದು ಕಾರು ಹತ್ತಿ ಹೋಗುತ್ತಾನೆ. ಧೂಳಿನ ಜೊತೆ ಇರುವವನು ಫೋಟೋದ ಚೌಕಟ್ಟಿನ ಹೊರಗೆ ಇರುತ್ತಾನೆ.

ಮುಖ್ಯವಾದ ಮಾತು ಇನ್ನೊಂದಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಭಾರತ್ ಗೋಲ್ಡ್ ಮೈನ್ಸ್‌ಗೆ ಸೇರಿದ ಸುಮಾರು 1003 ಎಕರೆಯಲ್ಲಿರುವ 13 ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಇನ್ನೂ ಚಿನ್ನ ಉಳಿದಿದೆಯಂತೆ. ಬೇಡ ಎನ್ನಲು ನಾನು ಹೊರಟಿಲ್ಲ. ಕೆಲಸ ಬಂದರೆ ಊರಿಗೆ ಬೇಕು. ಆದರೆ ಆ ದಿಬ್ಬ ಕೆಜಿಎಫ್‌ನ ಜನ ಮಾಡಿದ ಅತಿ ದೊಡ್ಡ ಶಿಲ್ಪ. ನಾಲ್ಕು ತಲೆಮಾರಿನ ಬೆವರು ಅಲ್ಲಿ ರಾಶಿ ಬಿದ್ದಿದೆ. ಅದನ್ನು ಕರಗಿಸುವಾಗ ಲೆಕ್ಕದ ಪುಸ್ತಕದಲ್ಲಿ ಟನ್ನು ಇರುತ್ತದೆ, ಗ್ರಾಮು ಇರುತ್ತದೆ. ಅಗೆದವರ ಮಕ್ಕಳ ಪಾಲು ಎಷ್ಟು, ಕರಗಿಸುವಾಗ ಏಳುವ ಧೂಳು ಯಾರ ಎದೆಗೆ, ಇವಕ್ಕೂ ಒಂದು ಸಾಲು ಬೇಕು. ಸಾರ್ವಜನಿಕ ಕಲೆಗೆ ಕೆಜಿಎಫ್‌ನಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ: ಈ ಪ್ರಶ್ನೆಯನ್ನು ಸಭೆಯ ಕೋಣೆಯಿಂದ ಬೀದಿಗೆ ತರುವುದು.

ಇನ್ನು ಬೀದಿಯಾದರೂ ಎಲ್ಲಿದೆ? ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನರ ದೊಡ್ಡ ಸಾರ್ವಜನಿಕ ಸ್ಥಳ ಊರಿನಲ್ಲಿಲ್ಲ, ರೈಲಿನಲ್ಲಿದೆ. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಟು, ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಹೋಗುವ ರೈಲು. 1894ರಲ್ಲಿ ಚಿನ್ನಕ್ಕಾಗಿ ಹಾಕಿದ ಕವಲು ಹಳಿ ಅದು; ಈಗ ಮನುಷ್ಯರನ್ನು ಸಾಗಿಸುತ್ತದೆ. ಅದರಲ್ಲಿ ಇಸ್ಪೀಟು ಇದೆ, ಭಜನೆ ಇದೆ, ಚೀಟಿ ಇದೆ, ಹೂ ಕಟ್ಟುವ ಕೈ ಇದೆ, ನಿಂತಲ್ಲೇ ನಿದ್ದೆ ಇದೆ. ಇವರು ಹೋಗಿ ಬೆಂಗಳೂರಿನ ಕಟ್ಟಡ ಕಟ್ಟುತ್ತಾರೆ, ಗೇಟು ಕಾಯುತ್ತಾರೆ, ನೆಲ ಒರೆಸುತ್ತಾರೆ, ರಾತ್ರಿ ವಾಪಸು ಬರುತ್ತಾರೆ. ಬೆಂಗಳೂರಿನ ಗೋಡೆಯ ಚಿತ್ರ ಯಾವ 'ನಗರವಾಸಿ'ಯನ್ನು ಕರೆಯುತ್ತದೋ ಅವನ ಪಟ್ಟಿಯಲ್ಲಿ ಇವರಿಲ್ಲ. ನಮ್ಮ ಊರಿನ ಪಾನಿಪುರಿಗೆ ಬೆಂಗಳೂರಿನ ಗಾಡಿಗಳ ಮೇಲೆ ಹೆಸರು ಸಿಕ್ಕಿತು, 'ಬಂಗಾರಪೇಟೆ ಚಾಟ್ಸ್' ಎಂದು ಬೋರ್ಡು ಬಿತ್ತು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಬಂದವನಿಗೆ ಆ ನಗರದಲ್ಲಿ ಬೋರ್ಡು ಸಿಗಲಿಲ್ಲ.

6

ಹಾಗಾದರೆ ಬೇರೆ ದಾರಿ ಇಲ್ಲವೇ? ಇದೆ. ಮೂರು ಕಡೆ ನಾನು ಅದನ್ನು ಕಂಡಿದ್ದೇನೆ, ಮೂರಕ್ಕೂ ಮಿತಿ ಇದೆ.

ಒಂದು, 'ಸಮುದಾಯ'ದ ಬೀದಿನಾಟಕ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟದ್ದನ್ನು ಸಿಜಿಕೆ 'ಬೆಲ್ಚಿ' ನಾಟಕವಾಗಿ ಕರ್ನಾಟಕದ ಬೀದಿಗೆ ತಂದರು. ಸಂತೆಯಲ್ಲಿ ನಿಂತವನು ಬಿಹಾರದ ಬೆಂಕಿಯನ್ನು ತನ್ನ ಊರಿನ ಬೆಂಕಿ ಎಂದು ಕಂಡ. ಅದು ಆ ಕಾಲದ ದೊಡ್ಡ ಶಕ್ತಿ. ಆದರೆ ಹೇಳುವವರು ಬಂದು ಹೇಳಿ ಹೋಗುತ್ತಿದ್ದರು, ಕೇರಿ ಕೇಳಿಸಿಕೊಳ್ಳುತ್ತಿತ್ತು. 2000ದ ಮಾರ್ಚಿನಲ್ಲಿ ಅಂದಿನ ನಮ್ಮದೇ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟಾಗ ಬೆಲ್ಚಿ ದೂರದ ಊರಾಗಿ ಉಳಿಯಲಿಲ್ಲ.

ಎರಡು, ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ 'ಅರವಾಣಿ ಆರ್ಟ್ ಪ್ರಾಜೆಕ್ಟ್'. ಅಲ್ಲಿ ಕುಂಚ ಹಿಡಿಯುವವರು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದವರೇ. ಯಾವ ಬೀದಿಯಲ್ಲಿ ಪೊಲೀಸರ ಲಾಠಿಗೆ ಹೆದರಿ ಓಡಬೇಕಿತ್ತೋ ಅಂಥ ಬೀದಿಯ ಗೋಡೆಯ ಮುಂದೆ ಹಗಲಿನಲ್ಲಿ ಏಣಿ ಹಾಕಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ನನ್ನ ಪ್ರಕಾರ ಅಲ್ಲಿ ಚಿತ್ರಕ್ಕಿಂತ ಏಣಿ ದೊಡ್ಡ ಕಲೆ. ಆದರೆ ಬಣ್ಣ ಒಣಗಿ, ಏಣಿ ಇಳಿದ ಮೇಲೆ ಆ ಬೀದಿಯಲ್ಲಿ ಅವರಿಗೆ ಬಾಡಿಗೆ ಮನೆ ಸಿಗುತ್ತದೆಯೇ ಎಂಬ ಪ್ರಶ್ನೆ ಗೋಡೆಯ ಮುಂದೆ ಹಾಗೇ ನಿಂತಿರುತ್ತದೆ.

ಮೂರು, ನಮ್ಮ ಕೋಲಾರದ 'ಆದಿಮ'. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ಜಾಗ. 'ಹುಣ್ಣಿಮೆ ಹಾಡು' ಎಂದು ಹುಣ್ಣಿಮೆಗೊಮ್ಮೆ ಹಾಡು, ನಾಟಕ, ಮಾತು. ಟಿಕೆಟ್ಟಿಲ್ಲ. ಹಳ್ಳಿಯ ತಮಟೆಯೂ ಊರಿನ ಪ್ರೊಫೆಸರೂ ಒಂದೇ ಬಂಡೆಯ ಮೇಲೆ ಕೂರುತ್ತಾರೆ. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮರಳಿ ಮರಳಿ ನಡೆಯುವ ಗುಣ. ಸಾರ್ವಜನಿಕ ಸ್ಥಳ ಒಂದು ದಿನದ ಉತ್ಸವದಿಂದ ಆಗುವುದಿಲ್ಲ, ಹುಣ್ಣಿಮೆಯ ಹಾಗೆ ತಪ್ಪದೆ ಬರಬೇಕು. ಆದರೆ ಬೆಟ್ಟದ ಮೇಲೆ ಕಟ್ಟಿದ್ದನ್ನು ಪೇಟೆಯ ನಡುವೆ, ರೈಲು ನಿಲ್ದಾಣದ ಮುಂದೆ, ಲೈನುಗಳ ನಡುವೆ ಕಟ್ಟುವುದು ಇನ್ನೂ ಬಾಕಿ ಇದೆ.

7

ಈಗ ಮೊದಲು ಕೇಳಿದ ಪ್ರಶ್ನೆಗೆ ನನ್ನ ಉತ್ತರ. ಮೊಸಳೆಯ ಗುಂಡಿ ಮುಚ್ಚಿತು, ಯಾಕೆಂದರೆ ಆ ರಸ್ತೆಯಲ್ಲಿ ಹೋಗುವವರು ಬಿದ್ದಾರು ಎಂಬ ಭಯ ಎಲ್ಲರಿಗೂ ಇತ್ತು. ಮಲದ ಗುಂಡಿಗೆ ತಾನು ಇಳಿಯಬೇಕಾದೀತು ಎಂಬ ಭಯ ಮೇಲ್ಜಾತಿಯ ಯಾರಿಗೂ ಇಲ್ಲ. ಅಲ್ಲಿ ಇಳಿಯುವವರ ಜಾತಿ ಮೊದಲೇ ಗೊತ್ತಾಗಿದೆ. ನಾಚಿಕೆಯನ್ನು ಬಂಡವಾಳ ಮಾಡಿಕೊಂಡ ಕಲೆ, ನಾಚಿಕೆಯೇ ಇಲ್ಲದ ಕಡೆ ಸೋಲುತ್ತದೆ. ಇದು ಕಲಾವಿದನ ಸೋಲಲ್ಲ. ಯಾವ ಸಮಾಜದ ನಾಚಿಕೆಯನ್ನು ಅವನು ನಂಬಿದನೋ ಆ ಸಮಾಜದ್ದು.

ಆದ್ದರಿಂದ ದಲಿತ ವಿಮರ್ಶೆ ಸಾರ್ವಜನಿಕ ಕಲೆಯ ಮುಂದೆ ನಿಂತಾಗ ಚೆಲುವು ಎಷ್ಟಿದೆ, ಜನ ಎಷ್ಟು ಸೇರಿದರು ಎಂದು ಮೊದಲು ಕೇಳಬಾರದು. ಯಾರಿಗೆ ಒಲ್ಲೆ ಎನ್ನುವ ಹಕ್ಕಿತ್ತು? ಏಣಿಯ ಮೇಲೆ ಯಾರಿದ್ದರು, ಏಣಿ ಹಿಡಿದವರು ಯಾರು? ಚೆಲ್ಲಿದ ಬಣ್ಣವನ್ನು ಮಾರನೆ ದಿನ ಗುಡಿಸಿದ ಪೌರಕಾರ್ಮಿಕಳಿಗೆ ಆ ಚಿತ್ರದಲ್ಲಿ ಪಾಲಿತ್ತೇ? ಕಲಾವಿದರು ಹೋದ ಮೇಲೆ ನಲ್ಲಿ, ದೀಪ, ಚರಂಡಿ, ಹಕ್ಕುಪತ್ರ ಇವುಗಳಲ್ಲಿ ಯಾವುದರ ಬಗ್ಗೆಯಾದರೂ ಲೈನಿನ ಜನ ಜೋರಾಗಿ ಮಾತಾಡುವ ಹಾಗಾಯಿತೇ? ಈ ಪ್ರಶ್ನೆಗಳಿಗೆ ನಿಂತು ಉತ್ತರಿಸುವ ಕಲೆ ಸಿಮೆಂಟಿನದಾದರೂ ನಮಗೆ ದೊಡ್ಡದು.

ಗೋಡೆಗಳಿಗೆ ಬಣ್ಣ ಹೊತ್ತು ಕೆಜಿಎಫ್‌ಗೆ ಬರುವ ಗೆಳೆಯರು ಖಂಡಿತ ಬರಲಿ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ರೈಲು ಹತ್ತಲಿ. ಆದರೆ ಗೋಡೆ ಹುಡುಕುವ ಮೊದಲು ಒಂದು ಕೆಲಸ ಮಾಡಲಿ. ಗಣಿಯೊಳಗೆ ಸತ್ತವರ, ಸಿಲಿಕೋಸಿಸ್‌ನಲ್ಲಿ ಎದೆ ಕಟ್ಟಿ ಸತ್ತವರ, 2011ರ ಗುಂಡಿಯಲ್ಲಿ ಸತ್ತವರ ಹೆಸರುಗಳನ್ನು ಲೈನಿನಿಂದ ಲೈನಿಗೆ ನಡೆದು ಮನೆಯವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ, ಮನೆಯವರು ಒಪ್ಪಿದರೆ ಮಾತ್ರ. ಆ ಹೆಸರುಗಳಿಗೆ ಎಷ್ಟು ಗೋಡೆ ಬೇಕಾಗುತ್ತದೆ ಎಂದು ಎಣಿಸಲಿ. ಸಾಹೇಬರ ಹೆಸರಿನ ಪೇಟೆಗಳಲ್ಲಿ ಅಷ್ಟು ಗೋಡೆ ಸಿಗುವುದಿಲ್ಲ ಎಂದು ನನ್ನ ಅಂದಾಜು. ಆಗ ದಿಬ್ಬದ ಕಡೆ ತಿರುಗಿ ನೋಡಬೇಕಾಗುತ್ತದೆ. ಅದನ್ನು ಕರಗಿಸಲು ಬರುವ ಯಂತ್ರ ಮೊದಲು ಆ ಹೆಸರುಗಳನ್ನು ದಾಟಿ ಬರಬೇಕಾಗುತ್ತದೆ.